ನಡುಗುವುದು ನೆಲವೋ, ಗಾಳಿಯೋ?

ರೋಣ ತಾಲ್ಲೂಕಿನ ಸವಡಿಯಂಥ ಊರಿನ ಓಣಿಯೊಳಗೆ ಡಿಜೆ ಹೊತ್ತ ಟ್ರ್ಯಾಕ್ಟರ್ ತಿರುಗಿತೆಂದರೆ, ಹಾಡು ಯಾವುದೆಂದು ಗೊತ್ತಾಗುವ ಮೊದಲೇ ಬಾಗಿಲ ಚಿಲಕ ಅದರತೊಡಗುತ್ತದೆ. ಮಾಡದಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ, ಹಿತ್ತಲಿನ ತಗಡು ಗುಂಯ್‌ಗುಡುತ್ತದೆ. 'ನೆಲಾನ ನಡುಗಿಸಿಬಿಟ್ರು' ಎಂದು ಜನ ಮಾತಾಡಿಕೊಳ್ಳುತ್ತಾರೆ. ಇತ್ತ ಮನೆಗಳ ಒಳಗೂ ಸಬ್‌ವೂಫರ್, ಅಂದರೆ ತಗ್ಗಿನ ಸದ್ದಾದ ಬೇಸ್ ಹೊರಡಿಸುವ ಸ್ಪೀಕರ್, ಬಂದಿದೆ. ಟಿವಿಯ ಜೊತೆ ಹೋಂ ಥಿಯೇಟರ್ ಕೊಂಡವರಿಗೆ, ಸಬ್‌ವೂಫರನ್ನು ಬರೀ ನೆಲದ ಮೇಲೆ ಇಡಬೇಡಿ, ಅಡಿಗೆ ರಬ್ಬರ್ ಪಾದ ಹಾಕಿ, ಸ್ಪಂಜಿನ ಮಣೆ ಇಡಿ, ಆಗ ಬೇಸ್ ಶುದ್ಧವಾಗುತ್ತದೆ ಎಂಬ ಸಲಹೆ ಸಿಗುತ್ತದೆ. ಇದಕ್ಕೆಂದೇ ತಯಾರಾದ ಸಾಮಾನುಗಳು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತವೆ. ಓಣಿಯ ಮಾತು, ಅಂಗಡಿಯ ಸಲಹೆ ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ತಗ್ಗಿನ ಸದ್ದು ನೆಲದ ಮೂಲಕ ಹರಿಯುತ್ತದೆ ಎಂಬುದು ಆ ನಂಬಿಕೆ. ಹಾಗಾದರೆ ಸಬ್‌ವೂಫರನ್ನು ನೆಲದಿಂದ ಬೇರ್ಪಡಿಸಿದರೆ ಅಳತೆಗೆ ಸಿಗುವಷ್ಟು ವ್ಯತ್ಯಾಸ ಆಗುತ್ತದೆಯೆ? ಆಗುತ್ತದೆ, ಆದರೆ ಎಲ್ಲ ನೆಲದ ಮೇಲೂ ಅಲ್ಲ. ಬಯಲುಸೀಮೆಯ ನಮ್ಮ ಮನೆಗಳ ನೆಲದ ಮೇಲಂತೂ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ನಮ್ಮನ್ನು ಕಾಡುವ ಬೇಸ್ ಬರುವುದು ಗಾಳಿಯ ದಾರಿಯಲ್ಲಿ. ಇದನ್ನು ನಂಬಿ ಎನ್ನಬೇಕಾಗಿಲ್ಲ, ಲೆಕ್ಕ ಹಾಕಿಯೇ ನೋಡಬಹುದು.

ಸಬ್‌ವೂಫರಿನ ಕೋನ್ ಮುಂದಕ್ಕೆ ನುಗ್ಗಿದಾಗ ಡಬ್ಬಿ ಹಿಂದಕ್ಕೆ ತಳ್ಳಲ್ಪಡುತ್ತದೆ, ಕ್ರಿಯೆಗೆ ಪ್ರತಿಕ್ರಿಯೆ. 12 ಇಂಚಿನ ಒಂದು ಸಾಧಾರಣ ಸಬ್‌ವೂಫರ್ ತೆಗೆದುಕೊಳ್ಳೋಣ. ಅದರ ಕೋನ್ ಮತ್ತು ಕಾಯ್ಲ್ ಸೇರಿ ಚಲಿಸುವ ಭಾಗದ ತೂಕ 150 ಗ್ರಾಂ, ಇಡೀ ಡಬ್ಬಿಯದು 20 ಕೆಜಿ ಎಂದಿಟ್ಟುಕೊಳ್ಳಿ. 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಬಾರಿ, ಕೋನ್ ಅತ್ತಿತ್ತ 5 ಮಿಲಿಮೀಟರ್ ಓಡಾಡಿದರೆ ಹುಟ್ಟುವ ಬಲದ ಗರಿಷ್ಠ ಮಟ್ಟ ಸುಮಾರು 27 ನ್ಯೂಟನ್. ಎರಡೂಮುಕ್ಕಾಲು ಕೆಜಿ ತೂಕ ಒತ್ತಿದಷ್ಟು ಅದು. ಡಬ್ಬಿಯನ್ನು ಯಾವ ಹಿಡಿತವೂ ಇಲ್ಲದಂತೆ ತೇಲಿಸಿಟ್ಟರೂ ಅದು ಅಲುಗುವುದು ಒಂದು ಮಿಲಿಮೀಟರಿನ ಇಪ್ಪತ್ತೇಳನೇ ಒಂದು ಭಾಗ. ಕೋನಿನ ಓಟದ ಎದುರು ಇದು ಶೇ 1ಕ್ಕಿಂತ ಕಡಿಮೆ. ಡಬ್ಬಿ ಅಲುಗಾಡುವುದರಿಂದ ಬೇಸ್ ಕಲಕಿಹೋಗುತ್ತದೆ, ಅದನ್ನು ಬಿಗಿಹಿಡಿದರೆ ಅಥವಾ ಮೆತ್ತಗೆ ಕೂರಿಸಿದರೆ ಸದ್ದು ತಿಳಿಯಾಗುತ್ತದೆ ಎಂಬ ವಾದಕ್ಕೆ ಉತ್ತರ ಇಲ್ಲೇ ಇದೆ. ಶೇ 0.75ರಷ್ಟು ಚಲನೆ ಪೂರ್ತಿ ಕೂಡಿಕೊಂಡರೂ, ಪೂರ್ತಿ ಕಳೆದುಹೋದರೂ, ಗಾಳಿಯಲ್ಲಿ ಹೊರಡುವ ಸದ್ದಿನ ಮಟ್ಟ ಬದಲಾಗುವುದು ಒಂದು ಡೆಸಿಬೆಲಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಎಷ್ಟು ಸೂಕ್ಷ್ಮ ಕಿವಿಗಾದರೂ ಅದು ಸಿಗುವ ಅಂತರವಲ್ಲ. ಕೇಳುವವನ ಕುರ್ಚಿಯ ಹತ್ತಿರ ಮೈಕ್ ಇಟ್ಟು ಅಳೆದರೆ ರಬ್ಬರ್ ಪಾದ ಇದ್ದಾಗಿನ ಗೆರೆಯೂ ಇಲ್ಲದಾಗಿನ ಗೆರೆಯೂ ಒಂದರ ಮೇಲೊಂದು ಕೂರುವುದು ಇದಕ್ಕೇ.

ಗಾಳಿಯಲ್ಲಿ ಹೋಗುವ ಸದ್ದು ಬದಲಾಗದಿದ್ದರೆ ಬದಲಾಗುವುದು ಇನ್ನೇನು? ನೆಲಕ್ಕೆ ಇಳಿಯುವ ಕಂಪನ. ಆ 27 ನ್ಯೂಟನ್ ಬಲ ನೆಲ ಮುಟ್ಟದಂತೆ ತಡೆಯುವುದೇ ರಬ್ಬರ್ ಪಾದದ ಕೆಲಸ. ಆದರೆ ಅಡಿಗೆ ಮೆತ್ತಗಿನದೇನನ್ನೋ ಇಟ್ಟ ಮಾತ್ರಕ್ಕೆ ತಡೆ ಸಿಗುವುದಿಲ್ಲ. ಸ್ಪ್ರಿಂಗಿನ ಮೇಲೆ ಕೂತ ಯಾವ ಭಾರಕ್ಕೂ ತನ್ನದೇ ಒಂದು ಸಹಜ ಕಂಪನಾಂಕ ಇರುತ್ತದೆ. ಪಂಚಮಿಯ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ನೂಕಿಗೂ ಅದು ಮೇಲೇರುತ್ತದೆ, ಲಯ ಮೀರಿ ಬಡಬಡನೆ ತಳ್ಳಿದರೆ ಇದ್ದಲ್ಲೇ ಇರುತ್ತದೆ. ಇಲ್ಲಿಯೂ ಅದೇ ನಿಯಮ. ಸದ್ದಿನ ಕಂಪನಾಂಕ ಈ ಸಹಜ ಕಂಪನಾಂಕಕ್ಕಿಂತ ಸುಮಾರು 1.4 ಪಟ್ಟು ಹೆಚ್ಚಾದ ಮೇಲಷ್ಟೇ ತಡೆ ಶುರು. ಅದಕ್ಕೂ ಕೆಳಗೆ ಪಾದಗಳು ಕಂಪನವನ್ನು ಹೆಚ್ಚಿಸುತ್ತವೆಯೇ ಹೊರತು ತಗ್ಗಿಸುವುದಿಲ್ಲ. ಸಹಜ ಕಂಪನಾಂಕ ತಿಳಿಯಲು ಒಂದು ಸುಲಭ ಲೆಕ್ಕವಿದೆ. ಸಬ್‌ವೂಫರ್ ಇಟ್ಟಾಗ ಅಡಿಯ ಮೆತ್ತೆ ಎಷ್ಟು ಮಿಲಿಮೀಟರ್ ಕುಗ್ಗಿತೆಂದು ಅಳತೆಪಟ್ಟಿಯಿಂದ ನೋಡಿ, ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿ. ಎರಡೂವರೆ ಮಿಲಿಮೀಟರ್ ಕುಗ್ಗಿದ್ದರೆ ಉತ್ತರ 10 ಹರ್ಟ್ಸ್. ಆಗ 30 ಹರ್ಟ್ಸ್‌ನ ಕಂಪನದಲ್ಲಿ ಎಂಟನೇ ಒಂದು ಪಾಲಷ್ಟೇ ನೆಲಕ್ಕೆ ಇಳಿಯುತ್ತದೆ, ಅಂದರೆ 18 ಡೆಸಿಬೆಲ್ ಕಡಿಮೆ. ಗಟ್ಟಿ ರಬ್ಬರಿನ ತೆಳು ಹಾಳೆಯೊಂದು ಕೂದಲೆಳೆಯಷ್ಟು, 0.1 ಮಿಲಿಮೀಟರ್ ಮಾತ್ರ ಕುಗ್ಗಿದ್ದರೆ ಉತ್ತರ 50 ಹರ್ಟ್ಸ್. ಬೇಸ್ ಹಾಡಿನ ಜೀವವಿರುವ ಜಾಗವೇ ಅದು. ಅಲ್ಲಿ ತಡೆಯ ಬದಲು ಏರಿಕೆ ಸಿಗುತ್ತದೆ. ಚೂಪು ಮೊಳೆಯಂಥ ಪಾದಗಳಂತೂ ಕುಗ್ಗುವುದೇ ಇಲ್ಲ. ಅವು ಡಬ್ಬಿಯನ್ನು ನೆಲಕ್ಕೆ ಇನ್ನಷ್ಟು ಬಿಗಿಯಾಗಿ ಬೆಸೆಯುತ್ತವೆ.

ಇನ್ನು ನೆಲದ ಮಾತು. ಈ ಪಾದ, ಮಣೆಗಳ ಕಲ್ಪನೆ ಬೆಳೆದದ್ದು ಮರದ ತೊಲೆಗಳ ಮೇಲೆ ಹಲಗೆ ಹಾಸಿದ ಮನೆಗಳ ನಾಡಿನಲ್ಲಿ. ಅಮೆರಿಕದ ಅನೇಕ ಮನೆಗಳಲ್ಲಿ ನೆಲ ಅಂದರೆ ಇಂಥದೇ ಹಗುರ ಹಲಗೆ, ಕೆಳಗೆ ಟೊಳ್ಳು. ಅಂಥ ನೆಲಕ್ಕೂ ತನ್ನದೊಂದು ಸಹಜ ಕಂಪನಾಂಕ ಇರುತ್ತದೆ, ಅದು ಸಬ್‌ವೂಫರಿನ ವ್ಯಾಪ್ತಿಗೆ ಹತ್ತಿರದಲ್ಲೇ ಬರುತ್ತದೆ. ಹೀಗಾಗಿ ಡಬ್ಬಿಯ ಸಣ್ಣ ಬಲವೂ ಅಲ್ಲಿ ಹಲಗೆಯನ್ನು ಕುಣಿಸುತ್ತದೆ, ಹಲಗೆಯೇ ಇನ್ನೊಂದು ಸ್ಪೀಕರ್ ಆಗುತ್ತದೆ. ಅಲ್ಲಿ ಸರಿಯಾದ ಮೆತ್ತೆ ಹಾಕಿದರೆ ನೆಲದ ಕಂಪನ ಎದ್ದು ಕಾಣುವಷ್ಟು ಇಳಿಯುತ್ತದೆ. ನಮ್ಮ ಸೀಮೆಯಲ್ಲೂ ಅಂಥ ನೆಲ ಇಲ್ಲದಿಲ್ಲ: ಹಳೆಯ ವಾಡೆಗಳ ಮರದ ಮಹಡಿ, ಅಟ್ಟ, ಜಾತ್ರೆಯಲ್ಲಿ ಹಲಗೆ ಜೋಡಿಸಿ ಕಟ್ಟುವ ನಾಟಕದ ರಂಗಸಜ್ಜಿಕೆ. ಆದರೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಸಾಮಾನ್ಯ ಮನೆಯ ಪಡಸಾಲೆ ಹಾಗಲ್ಲ. ಕೆಳಗೆ ಬಡಿದು ಗಟ್ಟಿಮಾಡಿದ ಮಣ್ಣು, ಮೇಲೆ ಪರಸಿ ಅಥವಾ ಸಿಮೆಂಟ್, ಅದರಡಿ ಭೂಮಿ. ಈ ನೆಲಕ್ಕೆ ಬಾಗಲು ಜಾಗವೇ ಇಲ್ಲ. 27 ನ್ಯೂಟನ್ ಬಲಕ್ಕೆ ಅದು ಮಿಲಿಮೀಟರಿನ ಸಾವಿರದ ಒಂದೆರಡು ಭಾಗ ಮಿಸುಕೀತು. ಸಬ್‌ವೂಫರಿನ ಬುಡದಲ್ಲೇ ಅಂಗೈ ಊರಿದರೆ ಸಣ್ಣಗೆ ತಿಳಿಯಬಹುದು. ಒಂದೆರಡು ಮಾರು ಆಚೆ ಕೂತವರ ಪಾದಕ್ಕೆ ತಿಳಿಯುವುದಿಲ್ಲ. ಹರಿಯದ ದಾರಿಗೆ ಒಡ್ಡು ಕಟ್ಟಿ ಫಲವೇನು?

ಈಗ ಎರಡನೆಯ ದಾರಿಯನ್ನು, ಗಾಳಿಯನ್ನು, ಅದೇ ತಕ್ಕಡಿಯಲ್ಲಿ ತೂಗೋಣ. ಸದ್ದು ಅಂದರೆ ಗಾಳಿಯ ಒತ್ತಡದ ಏರಿಳಿತ. 100 ಡೆಸಿಬೆಲ್ ಸದ್ದಿನ ಒತ್ತಡ 2 ಪ್ಯಾಸ್ಕಲ್, ಅಂದರೆ ಪ್ರತಿ ಚದರ ಮೀಟರಿಗೆ 2 ನ್ಯೂಟನ್. ಕೇಳಲು ಚಿಕ್ಕದೆನಿಸುತ್ತದೆ, ಆದರೆ ಗೋಡೆ ಮತ್ತು ಚಾವಣಿ ಎಷ್ಟು ಅಗಲ ಎಂಬುದನ್ನು ಮರೆಯಬಾರದು. 10 ಅಡಿ ಅಗಲ 12 ಅಡಿ ಉದ್ದದ ಕೋಣೆಯ ಚಾವಣಿ ಸುಮಾರು 11 ಚದರ ಮೀಟರ್. ನಮ್ಮ ಮಾದರಿಯ ಸಬ್‌ವೂಫರ್ ಅಂಥ ಮುಚ್ಚಿದ ಕೋಣೆಯ ಮೂಲೆಯಲ್ಲಿ 100 ಡೆಸಿಬೆಲ್ ಮುಟ್ಟುವುದು ಕಷ್ಟವಲ್ಲ. ಆಗ ಚಾವಣಿಯ ಮೇಲೆ ಗಾಳಿ ಹಾಕುವ ಬಲ 22 ನ್ಯೂಟನ್. ಇದು ಸರಾಸರಿ ಲೆಕ್ಕ. ಇದೇ ಲೆಕ್ಕದಲ್ಲಿ ಡಬ್ಬಿ ನೆಲದ ಮೇಲೆ ಹಾಕುವ ಬಲ 19 ನ್ಯೂಟನ್. ಎರಡೂ ಹತ್ತಿರಹತ್ತಿರ ಸಮ. ಆದರೆ ಡಬ್ಬಿ ಒತ್ತುವುದು ಭೂಮಿಯ ಮೇಲೆ ಕೂತ ಗಟ್ಟಿ ನೆಲದ ಒಂದು ತುಂಡನ್ನು. ಗಾಳಿ ತಳ್ಳುವುದು ಚಾವಣಿ, ನಾಲ್ಕೂ ಗೋಡೆ, ಕಿಟಕಿ, ಕದ, ಪಾತ್ರೆಯ ಸ್ಟ್ಯಾಂಡು ಎಲ್ಲವನ್ನೂ. ಇವುಗಳಲ್ಲಿ ಸಡಿಲವಾದದ್ದು ಯಾವುದೋ ಅದು ಮೊದಲು ದನಿ ಎತ್ತುತ್ತದೆ. ಸದ್ದು ಓಣಿಯಿಂದ ಬಂದು 110 ಡೆಸಿಬೆಲ್ ಇದ್ದರೆ ಒತ್ತಡ 6.3 ಪ್ಯಾಸ್ಕಲ್. ಮೂರು ಅಡಿ ಅಗಲ, ಆರೂವರೆ ಅಡಿ ಎತ್ತರದ ಒಂದು ಕದದ ಮೇಲೆ ಅದು ಹಾಕುವ ಬಲ ಒಂದು ಕೆಜಿಗೂ ಮಿಕ್ಕಿದ ತೂಕದಷ್ಟು, ಅದೂ ಸೆಕೆಂಡಿಗೆ 50 ಬಾರಿ ಒಳಗೆ ನೂಕಿ 50 ಬಾರಿ ಹೊರಗೆ ಎಳೆಯುತ್ತ. ಹಳೆಯ ಕದದ ಬಿಜಾಗರಿಯಲ್ಲಿ ಎಳ್ಳಿನಷ್ಟು ಸಡಿಲವಿದ್ದರೂ ಸಾಕು, ಚಿಲಕ ಕಟಕಟ ಅನ್ನುತ್ತದೆ.

ಲೆಕ್ಕವನ್ನು ನಂಬದವರಿಗೆ ಓಣಿಯಲ್ಲೇ ಒಂದು ಸಾಕ್ಷಿ ಓಡಾಡುತ್ತಿದೆ. ಡಿಜೆಯ ಸಬ್‌ವೂಫರುಗಳು ನಿಂತಿರುವುದು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ, ಟ್ರೇಲರ್ ನಿಂತಿರುವುದು ಗಾಳಿ ತುಂಬಿದ ಟೈರುಗಳ ಮೇಲೆ. ಸಬ್‌ವೂಫರನ್ನು ನೆಲದಿಂದ ಬೇರ್ಪಡಿಸಲು ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಪಾದಗಳಿಗಿಂತ ಈ ಟೈರು ಮೇಲು. ಭಾರಕ್ಕೆ ಟೈರು ಎರಡು ಸೆಂಟಿಮೀಟರ್ ಕುಗ್ಗಿದೆ ಎಂದುಕೊಂಡರೆ ಸಹಜ ಕಂಪನಾಂಕ ಮೂರೂವರೆ ಹರ್ಟ್ಸ್. 50 ಹರ್ಟ್ಸ್‌ನ ಹೊಡೆತದಲ್ಲಿ ಸುಮಾರು ಇನ್ನೂರನೇ ಒಂದು ಪಾಲು ಮಾತ್ರ ಚಕ್ರ ದಾಟಿ ರಸ್ತೆಗೆ ಇಳಿಯುತ್ತದೆ. ನೆಲವೇ ದಾರಿಯಾಗಿದ್ದರೆ ಟ್ರ್ಯಾಕ್ಟರ್ ಮೇಲಿನ ಡಿಜೆಯಿಂದ ಓಣಿಯ ಮನೆಗಳಿಗೆ ಏನೂ ಮುಟ್ಟಬಾರದಿತ್ತು. ಆದರೆ ಮುಟ್ಟುತ್ತದೆ, ಲೋಟ ಕಿಣಿಗುಟ್ಟುತ್ತದೆ, ಎದೆ ಗುದ್ದಿದಂತಾಗುತ್ತದೆ. ಬೇರ್ಪಡಿಸುವ ಉಪಾಯವನ್ನು ಇದಕ್ಕಿಂತ ಚೆನ್ನಾಗಿ ಪರೀಕ್ಷೆಗೆ ಒಡ್ಡಲು ಸಾಧ್ಯವಿಲ್ಲ. ನೆಲದ ದಾರಿ ಮುಚ್ಚಿದ್ದರೂ ಮನೆ ಅದುರುತ್ತಿದೆಯೆಂದರೆ ಅದುರಿಸುತ್ತಿರುವುದು ಗಾಳಿ. ನಮ್ಮ ಕಾಲಿಗೆ ನೆಲ ನಡುಗಿದಂತೆ ತೋರುವುದಕ್ಕೂ ಕಾರಣವಿದೆ. ತಗ್ಗಿನ ಸದ್ದನ್ನು ನಾವು ಕಿವಿಯಿಂದ ಕೇಳುವಷ್ಟೇ ಎದೆ, ಹೊಟ್ಟೆಯಿಂದಲೂ ಅರಿಯುತ್ತೇವೆ. ಇಡೀ ಮೈ ಅದುರಿದಾಗ ಅದು ಕಾಲಿನಿಂದ ಏರಿತೋ ಎದೆಗೆ ನೇರವಾಗಿ ಬಡಿಯಿತೋ ಎಂದು ಬೇರೆಮಾಡಿ ಹೇಳುವುದು ಸುಲಭವಲ್ಲ.

ಗಾಳಿಯೇ ದಾರಿ ಎಂದಾದ ಮೇಲೆ ಯಾವ ಮನೆ ಹೆಚ್ಚು ನಡುಗುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಗೋಡೆ, ಚಾವಣಿಗಳ ತೂಕ. ತೊಲೆ, ಜಂತಿಗಳ ಮೇಲೆ ಹಲಗೆ ಹಾಸಿ ಅದರ ಮೇಲೆ ಒಂದಡಿ ಮಣ್ಣು ಮೆತ್ತಿದ ಹಳೆಯ ಮೇಲ್ಮುದ್ದೆಯ ಚಾವಣಿ ಚದರ ಮೀಟರಿಗೆ ಸುಮಾರು 500 ಕೆಜಿ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ತೂಗುವುದು ಚದರ ಮೀಟರಿಗೆ 4 ಕೆಜಿ. 110 ಡೆಸಿಬೆಲ್, 50 ಹರ್ಟ್ಸ್‌ನ ಒಂದೇ ಸದ್ದು ಎರಡಕ್ಕೂ ಬಡಿದರೆ, ತೂಕವೊಂದನ್ನೇ ಗಣಿಸಿದ ಸ್ಥೂಲ ಲೆಕ್ಕದಲ್ಲಿ, ತಗಡು ಸೆಕೆಂಡಿಗೆ 5 ಮಿಲಿಮೀಟರ್ ವೇಗದಲ್ಲಿ ಕಂಪಿಸುತ್ತದೆ, ಮಣ್ಣಿನ ಚಾವಣಿ 0.04 ಮಿಲಿಮೀಟರ್ ವೇಗದಲ್ಲಿ. ವ್ಯತ್ಯಾಸ 125 ಪಟ್ಟು. 50 ಹರ್ಟ್ಸ್‌ನ ಸದ್ದಿಗೆ ತಗಡು ತಡೆಯೇ ಅಲ್ಲ. ಹೊರಗೆ ಎಷ್ಟಿದೆಯೋ ಬಹುತೇಕ ಅಷ್ಟೂ ಒಳಗೆ ಇಳಿಯುತ್ತದೆ. ದಪ್ಪ ಮಣ್ಣಿನ ಗೋಡೆ ಅದೇ ಸದ್ದನ್ನು ಬಲವಾಗಿ ತಡೆಯುತ್ತದೆ, ಬಂದದ್ದು ಬಾಗಿಲು, ಕಿಟಕಿ, ಬೆಳಕಿಂಡಿಗಳಿಂದ ಬರಬೇಕು. ಇದರ ಅರ್ಥವನ್ನು ಗಂಭೀರವಾಗಿ ಎದುರಿಸಬೇಕು. ಒಂದೇ ಮೆರವಣಿಗೆ, ಒಂದೇ ಓಣಿ. ಆದರೆ ಪೆಟ್ಟು ಎಲ್ಲರಿಗೂ ಒಂದೇ ಅಲ್ಲ. ದಪ್ಪ ಗೋಡೆಯ ಹಳೆಯ ಮನೆಯವರಿಗೆ ಅದು ಒಂದಿಷ್ಟು ಹೊತ್ತಿನ ಕಿರಿಕಿರಿ. ತಗಡಿನ ಶೆಡ್ಡಿನಲ್ಲಿ ಬದುಕುವವರಿಗೆ, ಅಲ್ಲಿನ ಹಸುಗೂಸು, ಮುಪ್ಪಿನವರಿಗೆ, ಮನೆಯ ಒಳಗೂ ಹೊರಗಿನಷ್ಟೇ ಸದ್ದು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಕೇಳುಗರದು: 'ನಾನು ಪಾದ ಹಾಕಿ ಕೇಳಿದ್ದೇನೆ, ಬೇಸ್ ಬಿಗಿಯಾಯಿತು.' ಇದನ್ನು ತಳ್ಳಿಹಾಕುವಂತಿಲ್ಲ. ಮರದ ಮಹಡಿಯಲ್ಲಿ ಅಥವಾ ಟೊಳ್ಳು ಮೇಜಿನ ಮೇಲೆ ಸಬ್‌ವೂಫರ್ ಇದ್ದರೆ ಆ ಹಲಗೆಯ ಗುಂಯ್ ಸದ್ದು ಅಡಗಿದಾಗ ಬೇಸ್ ನಿಜಕ್ಕೂ ಶುದ್ಧವಾಗುತ್ತದೆ, ಅದು ಅಳತೆಗೂ ಸಿಗುತ್ತದೆ. ಮಂಚಕ್ಕೋ ಸೋಫಾಕ್ಕೋ ನೆಲದಿಂದ ಏರುತ್ತಿದ್ದ ನಡುಕ ನಿಂತಾಗ ಮೈಗೆ ಬೇಸ್ ಕಡಿಮೆಯಾದಂತೆ ಅನ್ನಿಸುವುದೂ ಸುಳ್ಳಲ್ಲ. ಆದರೆ ಭೂಮಿಯ ಮೇಲೆ ಕೂತ ಪರಸಿ ನೆಲದಲ್ಲಿ ಹೀಗೆ ಕೇಳಿಸಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿತಜ್ಞರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಗೆ ಒಂದು ಪ್ರಯೋಗದ ಫಲಿತಾಂಶ ಮಂಡಿಸಿದರು. ಅದೇ ಸ್ಪೀಕರುಗಳನ್ನು ಕಣ್ಣೆದುರಿಗಿಟ್ಟು ಕೇಳಿಸಿದಾಗ ಜನ ಕೊಟ್ಟ ಅಂಕಕ್ಕೂ ಪರದೆಯ ಹಿಂದಿಟ್ಟು ಕೇಳಿಸಿದಾಗ ಕೊಟ್ಟ ಅಂಕಕ್ಕೂ ಅಂತರವಿತ್ತು. ಕಣ್ಣು ಕಂಡದ್ದು, ಕೊಟ್ಟ ಬೆಲೆ, ಇಟ್ಟ ನಿರೀಕ್ಷೆ ಇವೆಲ್ಲ ಕಿವಿಯ ತೀರ್ಪಿನಲ್ಲಿ ಬೆರೆಯುತ್ತವೆ. ಇದು ಯಾರ ದೋಷವೂ ಅಲ್ಲ, ಮನುಷ್ಯರ ಕೇಳ್ಮೆ ಇರುವುದೇ ಹೀಗೆ. ಅದಕ್ಕೇ ಅಳತೆ ಬೇಕಾಗುವುದು.

ಎರಡನೆಯ ಆಕ್ಷೇಪ ಪಟ್ಟಣದವರದು. ಗದಗ, ಹುಬ್ಬಳ್ಳಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೆಲ ಅಂದರೆ ಭೂಮಿಯಲ್ಲ, ಕೆಳಗಿನ ಮನೆಯವರ ಚಾವಣಿ. ಅಲ್ಲಿಯಾದರೂ ಪಾದ ಉಪಯೋಗಕ್ಕೆ ಬರಬೇಕಲ್ಲ? ಬರುತ್ತದೆ. ಆರ್‌ಸಿಸಿ ಸ್ಲ್ಯಾಬು ಬಾಗಬಲ್ಲದು, ಕಂಪನವನ್ನು ಕಂಬ, ಗೋಡೆಗಳ ಮೂಲಕ ದೂರದ ಕೋಣೆಗೂ ಸಾಗಿಸಬಲ್ಲದು. ಸರಿಯಾಗಿ ಕುಗ್ಗುವ ಮೆತ್ತೆ ಹಾಕಿ ಸ್ಲ್ಯಾಬಿನ ಮೇಲೆ ಕಂಪನಮಾಪಕ ಇಟ್ಟರೆ ಇಳಿಕೆ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಕೆಳಗಿನ ಮನೆಯವರ ನಿದ್ದೆಗೆ ಅದೊಂದೇ ಸಾಲದು. ಐದು ಇಂಚಿನ ಸ್ಲ್ಯಾಬು ಚದರ ಮೀಟರಿಗೆ 300 ಕೆಜಿ ತೂಗುತ್ತದೆ. 40 ಹರ್ಟ್ಸ್‌ನಲ್ಲಿ ಗಾಳಿಯ ಸದ್ದಿಗೆ ಅದು ಒಡ್ಡುವ ತಡೆ ಸ್ಥೂಲವಾಗಿ 34 ಡೆಸಿಬೆಲ್. ಮೇಲೆ 100 ಇದ್ದರೆ ಕೆಳಗೆ 66 ಇಳಿಯಿತು. 40 ಹರ್ಟ್ಸ್‌ನ ಸದ್ದು ಮನುಷ್ಯರ ಕಿವಿಗೆ ಕೇಳಿಸತೊಡಗುವುದೇ 51 ಡೆಸಿಬೆಲ್ ಹೊತ್ತಿಗೆ. ಅಂದರೆ ಡಬ್ಬಿಯನ್ನು ಗಾಳಿಯಲ್ಲೇ ತೂಗಿಹಾಕಿದರೂ ಕೆಳಗಿನವರಿಗೆ ಬೇಸ್ ಕೇಳಿಯೇ ಕೇಳುತ್ತದೆ. ಎರಡು ದಾರಿಗಳಿಂದ ಸಮಸಮ ಶಕ್ತಿ ಬರುತ್ತಿದ್ದು ಒಂದನ್ನು ಪೂರ್ತಿ ಮುಚ್ಚಿದರೂ ಸಾಮಾನ್ಯವಾಗಿ ಸಿಗುವ ಇಳಿಕೆ 3 ಡೆಸಿಬೆಲ್ ಎಂಬುದನ್ನು ನೆನಪಿಡಬೇಕು. ವಾಲ್ಯೂಮ್ ಗುಂಡಿಯನ್ನು ತುಸು ತಿರುಗಿಸಿದರೆ ಎರಡೂ ದಾರಿಯಲ್ಲಿ ಒಟ್ಟಿಗೇ ಅದಕ್ಕಿಂತ ಹೆಚ್ಚು ಇಳಿಕೆ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಪಾದ ಹಾಕುವುದು ಒಳ್ಳೆಯದೇ, ಆದರೆ ಪಾದ ಹಾಕಿದ್ದೇನೆ ಎಂಬುದು ರಾತ್ರಿ ಜೋರಾಗಿ ಹಾಕಲು ಪರವಾನಗಿಯಲ್ಲ.

ಮೂರನೆಯ ಆಕ್ಷೇಪ ಹಳ್ಳಿಯದು, ಹೆಚ್ಚು ಸೂಕ್ಷ್ಮವಾದದ್ದು: 'ಡಿಜೆ ಹೋದ ಮೇಲೆ ಗೋಡೆ ಸೀಳಿದೆ, ಅದು ನೆಲ ನಡುಗದೆ ಆದೀತೇ?' ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಾಯಿಬಿಡುವ ಮಣ್ಣು ಇದು. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲದ ಮೇಲೆ ಕಟ್ಟಿದ ಗೋಡೆಗೆ ಸೀಳು ಬರಲು ಡಿಜೆಯೇ ಬೇಕಾಗಿಲ್ಲ. ಗಣಿ ಸ್ಫೋಟದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಮಿತಿ ನಿಗದಿ ಮಾಡಿದೆ. ಕಚ್ಚಾ ಮನೆ, ಇಟ್ಟಿಗೆ ಮನೆಗಳಿಗೆ 25 ಹರ್ಟ್ಸ್ ಮೇಲಿನ ಕಂಪನದಲ್ಲಿ ಸೆಕೆಂಡಿಗೆ 15 ಮಿಲಿಮೀಟರ್, ಐತಿಹಾಸಿಕ ಕಟ್ಟಡಗಳಿಗೆ 10 ಮಿಲಿಮೀಟರ್. ಮೇಲೆ ಹೇಳಿದ ಮಣ್ಣಿನ ಚಾವಣಿಯ 0.04 ಮಿಲಿಮೀಟರ್ ಈ ಮಿತಿಗೆ ಎಷ್ಟೋ ದೂರ. ಹಾಗೆಂದು ಡಿಜೆಗೆ ಕ್ಲೀನ್ ಚಿಟ್ ಕೊಟ್ಟಂತಲ್ಲ. ಮೊದಲೇ ಸಡಿಲಾಗಿರುವ ಗಿಲಾವು, ಒಣಗಿ ಬಿಟ್ಟುಕೊಂಡಿರುವ ಮಣ್ಣಿನ ಹೆಂಟೆ, ಸರಿಯಾಗಿ ಕೂರದ ಹಂಚು ಉದುರಲು ಸಣ್ಣ ಅದುರುವಿಕೆಯೂ ನೆಪವಾಗಬಹುದು. ಹಳೆಯ ಗುಡಿಗಳ ಎದುರು ಸಾಲುಸಾಲು ಸಬ್‌ವೂಫರ್ ಇಡುವಾಗ ಎಚ್ಚರ ಬೇಕೇಬೇಕು. ಆದರೆ ಆ ಅದುರುವಿಕೆಯೂ ಬರುವುದು ಗಾಳಿಯಿಂದಲೇ ಆದ್ದರಿಂದ, ಡಬ್ಬಿಯ ಅಡಿಗೆ ಏನಿಟ್ಟರೂ ಅದು ತಪ್ಪುವುದಿಲ್ಲ.

ಇದನ್ನೆಲ್ಲ ತಮ್ಮ ಮನೆಯಲ್ಲೇ ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಮೊಬೈಲಿನೊಳಗಿನ ಕಂಪನ ಸಂವೇದಕವನ್ನೇ ಪ್ರಯೋಗಶಾಲೆಯ ಸಾಧನವಾಗಿ ಬಳಸಿಕೊಳ್ಳುತ್ತದೆ; ಶಾಲೆಯ ಮಕ್ಕಳಿಗೂ ಅದು ಒಳ್ಳೆಯ ಪಾಠ. ಸಬ್‌ವೂಫರಿನಲ್ಲಿ 30, 40, 50, 60 ಹರ್ಟ್ಸ್‌ನ ಒಂದೊಂದೇ ಸ್ವರ ಹಾಕಿ. ವಾಲ್ಯೂಮ್ ಮುಟ್ಟದೆ, ಮೊಬೈಲನ್ನು ನೆಲದ ಒಂದೇ ಗುರುತಿನ ಮೇಲೆ ಮಲಗಿಸಿ, ಮೆತ್ತೆ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ದಾಖಲಿಸಿ. ಇದನ್ನು ಕೆಲವು ಬಾರಿ ಅದಲುಬದಲು ಮಾಡಿ. ಒಂದೇ ಸಲದ ಅಳತೆಯನ್ನು ನಂಬಬಾರದು. ಆಮೇಲೆ ಕೂತು ಕೇಳುವ ಜಾಗದಲ್ಲಿ ಸದ್ದಿನ ಮಟ್ಟವನ್ನೂ ಅದೇ ಕ್ರಮದಲ್ಲಿ ಅಳೆಯಿರಿ. ಮೊಬೈಲಿನ ಮೈಕ್ ತಗ್ಗಿನ ಸದ್ದಿಗೆ ಮಂದ, ಆದರೆ ನಮಗೆ ಬೇಕಾದದ್ದು ಮೊದಲಿಗೂ ನಂತರಕ್ಕೂ ಇರುವ ಅಂತರ ಮಾತ್ರವಾದ್ದರಿಂದ ಅದು ನಡೆಯುತ್ತದೆ. ಮೆತ್ತೆಯನ್ನೂ ಕೊಳ್ಳಬೇಕಾಗಿಲ್ಲ. ಸ್ಕೂಟರಿನ ಹಳೆಯ ಟ್ಯೂಬಿಗೆ ಹಗುರಾಗಿ ಗಾಳಿ ತುಂಬಿ, ಅದರ ಮೇಲೊಂದು ಪರಸಿ ತುಂಡು, ಅದರ ಮೇಲೆ ಸಬ್‌ವೂಫರ್ ಇಟ್ಟರೆ ಕೆಲವೇ ಹರ್ಟ್ಸ್‌ನ ಸಹಜ ಕಂಪನಾಂಕ ಸಿಗುತ್ತದೆ. ಅಷ್ಟು ಒಳ್ಳೆಯ ತಡೆಯೂ ಕೂತು ಕೇಳುವ ಜಾಗದ ಸದ್ದಿನಲ್ಲಿ ಅಂತರ ತೋರಿಸದಿದ್ದರೆ, ದುಡ್ಡು ಕೊಟ್ಟು ತರುವ ಪಾದವೂ ತೋರಿಸುವುದಿಲ್ಲ.

ಹಾಗಾದರೆ ಅಳತೆಗೆ ಸಿಗುವ ವ್ಯತ್ಯಾಸ ಯಾವುದರಿಂದ ಬರುತ್ತದೆ? ಮನೆಯೊಳಗೆ, ಜಾಗದಿಂದ. 30 ಹರ್ಟ್ಸ್‌ನ ಅಲೆಯ ಉದ್ದ 11 ಮೀಟರಿಗೂ ಹೆಚ್ಚು, ನಮ್ಮ ಕೋಣೆಗಿಂತ ದೊಡ್ಡದು. 16 ಅಡಿ ಉದ್ದದ ಕೋಣೆ 35 ಹರ್ಟ್ಸ್‌ನಲ್ಲಿ, 12 ಅಡಿಯ ಅಗಲ 47 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಗೋಡೆಯ ಪಕ್ಕದಲ್ಲಿ ಬೇಸ್ ಮೊರೆಯುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಕುರ್ಚಿಯನ್ನೋ ಸಬ್‌ವೂಫರನ್ನೋ ನಾಲ್ಕು ಅಡಿ ಸರಿಸಿದರೆ ಒಂದೊಂದು ಸ್ವರದಲ್ಲಿ 10 ಡೆಸಿಬೆಲ್ ಮೀರಿದ ಬದಲಾವಣೆ ಸಿಗುವುದು ಅಪರೂಪವಲ್ಲ. ಪಾದ ಕೊಡುವ ಡೆಸಿಬೆಲಿನ ಹತ್ತನೇ ಭಾಗಕ್ಕೆ ಇದನ್ನು ಹೋಲಿಸಿ ನೋಡಿ. ಸರಿಸುವುದಕ್ಕೆ ಖರ್ಚೂ ಇಲ್ಲ. ಬಯಲಿನಲ್ಲಿ, ದೂರದಿಂದ. ತೆರೆದ ಜಾಗದಲ್ಲಿ ದೂರ ದುಪ್ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮನೆಯ ಕದದಿಂದ ನಾಲ್ಕು ಮೀಟರಿನಲ್ಲಿದ್ದ ಡಿಜೆಯನ್ನು 16 ಮೀಟರ್ ಆಚೆಯ ಬಯಲಿಗೆ ಒಯ್ದರೆ 12 ಡೆಸಿಬೆಲ್. ಎರಡೂ ಕಡೆ ಗೋಡೆ ಇರುವ ಇಕ್ಕಟ್ಟು ಓಣಿಯಲ್ಲಿ ಈ ಇಳಿಕೆ ಸಿಗುವುದಿಲ್ಲ, ಅದಕ್ಕೇ ಓಣಿಯ ಡಿಜೆ ಬಯಲಿನ ಡಿಜೆಗಿಂತ ಕ್ರೂರ. ದೊಡ್ಡ ಸಂಗೀತ ಸಭೆಗಳ ಧ್ವನಿ ಎಂಜಿನಿಯರುಗಳು ಮೂರು ಸಬ್‌ವೂಫರುಗಳಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಸಂಕೇತವನ್ನು ತಿರುವುಮುರುವು ಮಾಡಿ ತುಸು ತಡವಾಗಿ ಕೊಟ್ಟು, ಹಿಂಬದಿಯ ಬೇಸನ್ನು ಬಹುಮಟ್ಟಿಗೆ ಅಳಿಸುತ್ತಾರೆ. ಬೇಕಾದ ಕಡೆ ಸದ್ದು, ಬೇಡದ ಕಡೆ ಮೌನ. ಇದು ಅಳತೆಗೆ ಸಿಗುವ ಜಾಣ್ಮೆ.

ಅಳತೆಯ ಮಾತು ಬಂದಾಗ ಕಾನೂನಿನ ಮೀಟರಿನ ಒಂದು ಕೊರತೆಯನ್ನೂ ಹೇಳಲೇಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಸಾರ್ವಜನಿಕ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 10 ಡೆಸಿಬೆಲ್ ಮೀರಬಾರದು, ಅಥವಾ 75 ದಾಟಬಾರದು, ಯಾವುದು ಕಡಿಮೆಯೋ ಅದು. 2005ರ ಜುಲೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಈ ಡೆಸಿಬೆಲ್ ಅಳೆಯುವುದು 'ಎ' ಮಾಪನದಲ್ಲಿ. ಕಿವಿಗೆ ತಗ್ಗಿನ ಸದ್ದು ಮಂದವಾಗಿ ಕೇಳುತ್ತದೆ ಎಂಬ ಕಾರಣಕ್ಕೆ ಆ ಮಾಪನ ಬೇಸನ್ನು ಕಳೆದು ತೋರಿಸುತ್ತದೆ: 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 31.5 ಹರ್ಟ್ಸ್‌ನಲ್ಲಿ 39 ಡೆಸಿಬೆಲ್ ಕಡಿತ. ಹಗಲು ಹೊತ್ತಿನಲ್ಲಿ 95 ಡೆಸಿಬೆಲ್‌ನ 50 ಹರ್ಟ್ಸ್ ಸದ್ದು ಕದ ಅದುರಿಸುತ್ತಿದ್ದರೂ ಮೀಟರ್ ತೋರಿಸುವುದು 65, ಅಂದರೆ ಕಾನೂನಿನ ಮಿತಿಯೊಳಗೆ. ಡಿಜೆಯಲ್ಲಿ ಹಾಡು, ಕೂಗು ಎಲ್ಲ ಇರುವುದರಿಂದ ಮಿತಿ ಮೀರಿದ್ದು ಬೇರೆ ರೀತಿಯಲ್ಲಿ ಸಿಕ್ಕಿಬೀಳಬಹುದು, ಆದರೆ ಮನೆಯ ಒಳಗೆ ಉಳಿಯುವ ಗುಡುಗು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಅದೇ ಮೀಟರಿನಲ್ಲಿ 'ಸಿ' ಎಂಬ ಇನ್ನೊಂದು ಮಾಪನ ಇರುವುದುಂಟು. 50 ಹರ್ಟ್ಸ್‌ನಲ್ಲಿ ಅದು ಕಳೆಯುವುದು ಒಂದೂಕಾಲು ಡೆಸಿಬೆಲ್‌ನಷ್ಟು. ಎರಡೂ ಮಾಪನದಲ್ಲಿ ಅಳೆದಾಗ 20ರ ಆಸುಪಾಸು ಅಂತರ ಬಂದರೆ, ಆ ಸದ್ದಿನ ಹೊರೆ ಬೇಸಿನಲ್ಲಿದೆ ಎಂದೇ ಅರ್ಥ.

ಆದ್ದರಿಂದ ತೀರ್ಪು ಇಷ್ಟು. ಮರದ ಮಹಡಿ, ಅಟ್ಟ, ಹಲಗೆಯ ರಂಗಸಜ್ಜಿಕೆಯ ಮೇಲೆ ಸಬ್‌ವೂಫರ್ ಇದ್ದರೆ ಅದನ್ನು ನೆಲದಿಂದ ಬೇರ್ಪಡಿಸಿ. ಮೆತ್ತೆ ಕನಿಷ್ಠ ಎರಡೂವರೆ ಮಿಲಿಮೀಟರ್ ಕುಗ್ಗುವಂತಿರಲಿ, ಫಲ ಸಿಗುತ್ತದೆ. ಆರ್‌ಸಿಸಿ ಮಹಡಿಯಲ್ಲಿದ್ದರೆ ಬೇರ್ಪಡಿಸಿ, ಜೊತೆಗೆ ಸದ್ದನ್ನೂ ಇಳಿಸಿ. ಭೂಮಿಯ ಮೇಲೆ ಕೂತ ಪರಸಿ, ಸಿಮೆಂಟ್ ನೆಲದಲ್ಲಿದ್ದರೆ ಆ ದುಡ್ಡು ಉಳಿಸಿ, ಸಬ್‌ವೂಫರಿನ ಜಾಗ ಬದಲಿಸಿ ನೋಡಿ. ಮೆರವಣಿಗೆಯ ಹೊಣೆ ಹೊತ್ತ ಯುವಕ ಮಂಡಳಿಗಳಲ್ಲಿ, ಡಿಜೆ ಬಾಡಿಗೆಗೆ ಕೊಡುವವರಲ್ಲಿ ಒಂದು ಕೋರಿಕೆ: ಓಣಿಯೊಳಗೆ ಸಬ್‌ವೂಫರಿನ ಮಟ್ಟ ಇಳಿಸಿ, ಕುಣಿತಕ್ಕೆ ಊರಾಚೆಯ ಬಯಲು ಆರಿಸಿಕೊಳ್ಳಿ, ತಗಡಿನ ಮನೆಗಳ ಮುಂದೆ ನಿಲ್ಲಿಸಬೇಡಿ. ಗ್ರಾಮ ಪಂಚಾಯ್ತಿ ಮತ್ತು ಪೊಲೀಸರಲ್ಲಿ ಇನ್ನೊಂದು: ಅಳೆಯುವಾಗ 'ಎ' ಜೊತೆ 'ಸಿ' ಅಂಕಿಯನ್ನೂ ಬರೆದುಕೊಳ್ಳಿ, ಅಳತೆ ಓಣಿಯಲ್ಲಿ ಮಾತ್ರವಲ್ಲ, ದೂರು ಕೊಟ್ಟವರ ಮನೆಯೊಳಗೂ ಇರಲಿ. ಕಾನೂನು 'ಸಿ' ಅಂಕಿಯನ್ನು ಇಂದು ಕೇಳುವುದಿಲ್ಲ ನಿಜ, ಆದರೆ ಮಿತಿ ತಿದ್ದಬೇಕೆಂದು ನಾಳೆ ಯಾರಾದರೂ ಕೇಳಿದರೆ ಕೈಯಲ್ಲಿ ದಾಖಲೆ ಇರಬೇಕು.